ಗಣಕಯಂತ್ರವೂ ನಮ್ಮ ಬಾಲಿಕೆಯರ ವಿದ್ಯಾಭ್ಯಾಸವೂ



ನಮ್ಮ ಶಾಲೆಯ ಪಡುವಣ ಮೂಲೆಯ ಕೊಠಡಿಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ೧೯೯೪ನೆಯ ಇಸವಿಯಲ್ಲಿ, ನಾವು ಇದೇ ಶಾಲೆಯ ಹತ್ತನೆಯ ತರಗತಿಯಲ್ಲಿ ಓದುತ್ತಿದ್ದಾಗ, ಅಲ್ಲಿ ಹನ್ನೆರಡು ಬೆರಳಚ್ಚು ಯಂತ್ರಗಳಿದ್ದುವು. ಸಂಜೆಯ ಗಂಟೆ ಬಾರಿಸಿದ ಮೇಲೆ ಅವುಗಳ ಸದ್ದು ಹೊರಗಿನ ರಸ್ತೆಯವರೆಗೂ ಕೇಳಿಸುತ್ತಿತ್ತು. ಬೆರಳಚ್ಚಿನ ಜೂನಿಯರ್, ಸೀನಿಯರ್ ಪರೀಕ್ಷೆಗಳಲ್ಲಿ ತೇರ್ಗಡೆ ಹೊಂದಿದ ಹುಡುಗಿಗೆ ಎಂದಿಗೂ ಅನ್ನಕ್ಕೆ ಕೊರತೆಯಾಗದೆಂದು ಆಗಿನ ಉಪಾಧ್ಯಾಯಿನಿಯರೂ ತಾಯ್ತಂದೆಗಳೂ ದೃಢವಾಗಿ ನಂಬಿದ್ದರು, ನಾವೂ ನಂಬಿದ್ದೆವು. ಆ ನಂಬಿಕೆಯು ಸುಳ್ಳಾಗಿರಲಿಲ್ಲ; ಆದರೆ ಅದರ ಆಯುಷ್ಯವು ಅಲ್ಪವಾಗಿತ್ತು. ಕೆಲವೇ ವರ್ಷಗಳಲ್ಲಿ ಕಚೇರಿಗಳ ಮೇಜುಗಳ ಮೇಲೆ ಗಣಕಯಂತ್ರವು ಬಂದು ಕುಳಿತಿತು. ನಮ್ಮ ದೇಶದಲ್ಲಿ ಬೆರಳಚ್ಚು ಯಂತ್ರಗಳನ್ನು ಮಾಡುತ್ತಿದ್ದ ಗೋದ್ರೆಜ್ ಕಂಪನಿಯವರು ೨೦೦೯ರಲ್ಲಿ ಆ ತಯಾರಿಕೆಯನ್ನೇ ನಿಲ್ಲಿಸಿದರು. ಈಗ ಅದೇ ಕೊಠಡಿಯಲ್ಲಿ ಇಪ್ಪತ್ತು ಗಣಕಯಂತ್ರಗಳಿವೆ. ಸದ್ದು ಮಾತ್ರ ಇಲ್ಲ.

ಪ್ರತಿ ವರ್ಷವೂ ಶಾಲೆ ತೆರೆಯುವ ಸಮಯದಲ್ಲಿ ಮಗಳನ್ನು ಸೇರಿಸಲು ಬರುವ ತಾಯ್ತಂದೆಗಳು ನಮ್ಮನ್ನು ಕೇಳುವ ಮೊದಲನೆಯ ಪ್ರಶ್ನೆ ಇದು: “ವಾರಕ್ಕೆ ಎಷ್ಟು ಪೀರಿಯಡ್ ಕಂಪ್ಯೂಟರ್ ಹೇಳಿಕೊಡುತ್ತೀರಿ, ಮೇಡಂ?” ಇದು ನ್ಯಾಯವಾದ ಪ್ರಶ್ನೆಯೇ. ಆದರೆ ಒಂದು ಯಂತ್ರವು ಬಂದು ಹೋದದ್ದನ್ನು ಕಣ್ಣಾರೆ ಕಂಡ ನಮಗೆ ಪೀರಿಯಡ್ಡುಗಳ ಲೆಕ್ಕವೊಂದನ್ನೇ ಉತ್ತರವಾಗಿ ಕೊಡಲು ಮನಸ್ಸು ಒಪ್ಪುವುದಿಲ್ಲ. ಯಂತ್ರವು ಬದಲಾದರೂ ಬದಲಾಗದೆ ಉಳಿಯುವ ವಿದ್ಯೆ ಯಾವುದು, ಅದನ್ನು ನಾವು ನಮ್ಮ ಬಾಲಿಕೆಯರಿಗೆ ಕೊಡುತ್ತಿದ್ದೇವೆಯೇ ಎಂಬುದನ್ನು ವಿಚಾರಿಸುವುದೇ ಈ ಪಾಠದ ಉದ್ದೇಶ. ಇದಕ್ಕಾಗಿ ನಾವು ದೂರ ದೇಶಗಳಿಗೆ ಹೋಗಬೇಕಾಗಿಲ್ಲ. ಬೆಂಗಳೂರಿನ ಹೊರವಲಯದಲ್ಲಿಯೇ ಇರುವ ಮೂರು ಸ್ಥಳಗಳು, ಅಂದರೆ ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ ಮತ್ತು ವೈಟ್‌ಫೀಲ್ಡ್, ನಮಗೆ ಸಾಕಾದ ಪಾಠವನ್ನು ಕಲಿಸುವುವು. ಮೆಟ್ರೊ ರೈಲು ೨೦೧೪ರಲ್ಲಿ ಪೀಣ್ಯಕ್ಕೂ, ೨೦೨೩ರಲ್ಲಿ ವೈಟ್‌ಫೀಲ್ಡಿಗೂ, ೨೦೨೫ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೂ ಬಂದಿರುವುದರಿಂದ ಒಂದೇ ದಿನದಲ್ಲಿ ಈ ಮೂರನ್ನೂ ನೋಡಿ ಬರಬಹುದು.

೧. ಗಣಕಯಂತ್ರವೆಂದರೇನು?

ಮೊದಲು ವಸ್ತುವನ್ನು ಅರಿತುಕೊಳ್ಳೋಣ. ನಿಮ್ಮ ಮನೆಯ ಮುಂದೆ ಚುಕ್ಕಿ ರಂಗೋಲಿಯನ್ನು ಹಾಕುವಿರಿ. ಅದನ್ನು ದೂರದ ಊರಿನಲ್ಲಿರುವ ತಂಗಿಗೆ, ಚಿತ್ರವನ್ನು ತೋರಿಸದೆ, ಬಾಯಿಮಾತಿನಿಂದಲೇ ಕಲಿಸಬೇಕಾಗಿದೆ ಎಂದು ಭಾವಿಸಿರಿ. “ಮೊದಲು ಏಳು ಚುಕ್ಕಿ ಇಡು, ಅದರ ಕೆಳಗೆ ನಡುನಡುವೆ ಆರು ಇಡು, ಒಂದು ಉಳಿಯುವವರೆಗೆ ಹೀಗೆಯೇ ಇಳಿಸು, ಬಳಿಕ ಮೊದಲನೆಯ ಚುಕ್ಕಿಯಿಂದ ಎಳೆಯನ್ನು ಆರಂಭಿಸು” ಎಂದು ಒಂದೊಂದು ಹೆಜ್ಜೆಯನ್ನೂ ಬಿಡಿಸಿ ಹೇಳಬೇಕಾಗುವುದು. ನೀವು ಒಂದು ಹೆಜ್ಜೆಯನ್ನು ಬಿಟ್ಟರೆ ತಂಗಿಯಾದರೂ ತನ್ನ ಬುದ್ಧಿಯಿಂದ ಊಹಿಸಿಕೊಂಡಾಳು. ಹಾಗೆ ಊಹಿಸಲಾರದ, ಆದರೆ ಹೇಳಿದ್ದನ್ನು ಕ್ಷಣಮಾತ್ರದಲ್ಲಿ ಲಕ್ಷಸಲ ಬೇಸರವಿಲ್ಲದೆ ಮಾಡುವ ಆಳೇ ಗಣಕಯಂತ್ರ. ಹೀಗೆ ಕ್ರಮವಾಗಿ ಜೋಡಿಸಿದ ಆಜ್ಞೆಗಳಿಗೆ ಪ್ರೋಗ್ರಾಂ ಎಂದು ಹೆಸರು. ಯಂತ್ರದ ಒಳಗೆ ಈ ಆಜ್ಞೆಗಳೆಲ್ಲವೂ ಸೊನ್ನೆ ಮತ್ತು ಒಂದು ಎಂಬ ಎರಡೇ ಗುರುತುಗಳ ಸಾಲುಗಳಾಗಿ ನಿಲ್ಲುವುವು.

ಇಂಥ ಆಜ್ಞಾಕ್ರಮವನ್ನು ಮೊದಮೊದಲು ಬರೆದು ಪ್ರಕಟಿಸಿದವರಲ್ಲಿ ಒಬ್ಬ ಸ್ತ್ರೀಯೂ ಇದ್ದಳೆಂಬುದು ನಮ್ಮ ಬಾಲಿಕೆಯರು ತಿಳಿಯತಕ್ಕ ಸಂಗತಿ. ಇಂಗ್ಲೆಂಡಿನ ಏಡಾ ಲವ್‌ಲೇಸ್ ಎಂಬಾಕೆಯು ೧೮೪೩ರಲ್ಲಿ, ಚಾರ್ಲ್ಸ್ ಬ್ಯಾಬೇಜನು ಕಲ್ಪಿಸಿದ, ಆದರೆ ಪೂರ್ತಿಯಾಗಿ ಎಂದೂ ಕಟ್ಟಲ್ಪಡದ ಯಂತ್ರವೊಂದರಿಂದ ಕ್ಲಿಷ್ಟವಾದ ಲೆಕ್ಕವನ್ನು ಮಾಡಿಸುವ ಕ್ರಮವನ್ನು ಬರೆದಳು. ಅದೇ ೧೮೪೩ರ ಜುಲೈ ೧ರಂದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಕನ್ನಡದ ಮೊದಲನೆಯ ವೃತ್ತಪತ್ರಿಕೆಯು ಹೊರಟಿತು. ಒಂದೇ ವರ್ಷದಲ್ಲಿ ಅಲ್ಲಿ ಗಣಕಯಂತ್ರದ ಆಲೋಚನೆ, ಇಲ್ಲಿ ಕನ್ನಡದ ಸುದ್ದಿಯ ಅಚ್ಚು! ಇವೆರಡೂ ಮುಂದೆ ಒಂದೇ ಗಾಜಿನ ಹಲಗೆಯ ಮೇಲೆ ಸಂಧಿಸುವುವೆಂದು ಆಗ ಯಾರು ಎಣಿಸಿದ್ದರು?

ಕಂಪ್ಯೂಟರ್ ಎಂಬ ಹೆಸರು ಮೊದಲು ಯಂತ್ರದ್ದಲ್ಲ, ಲೆಕ್ಕ ಮಾಡುವ ಮನುಷ್ಯರದು. ವೀಕ್ಷಣಾಲಯಗಳಲ್ಲಿ ಆ ಕೆಲಸಕ್ಕೆ ಬಹುಮಂದಿ ಸ್ತ್ರೀಯರನ್ನು ಇಟ್ಟುಕೊಳ್ಳುತ್ತಿದ್ದರು. ೧೯೪೬ರಲ್ಲಿ ಅಮೆರಿಕಾದಲ್ಲಿ ಎನಿಯಾಕ್ ಎಂಬ ದೊಡ್ಡ ಗಣಕಯಂತ್ರವನ್ನು ಲೋಕಕ್ಕೆ ತೋರಿಸಿದಾಗ ಅದಕ್ಕೆ ಆಜ್ಞೆಗಳನ್ನು ಜೋಡಿಸಿದ ಆರು ಮಂದಿಯೂ ಸ್ತ್ರೀಯರೇ. ಇನ್ನು ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರು ೧೯೭೭ರಲ್ಲಿ ಅಮೆರಿಕಾದ ಡಲ್ಲಾಸ್ ನಗರದಲ್ಲಿ ೨೦೧ ಅಂಕಿಗಳ ಸಂಖ್ಯೆಯೊಂದರ ೨೩ನೆಯ ಮೂಲವನ್ನು ೫೦ ಸೆಕೆಂಡುಗಳಲ್ಲಿ ಬಾಯಲ್ಲಿಯೇ ಹೇಳಿದರು. ಅದಕ್ಕೆ ಯಂತ್ರವು ೬೨ ಸೆಕೆಂಡುಗಳನ್ನು ತೆಗೆದುಕೊಂಡಿತು. ಇಂದು ಅಂಥ ಲೆಕ್ಕವನ್ನು ಮೊಬೈಲೂ ಕಣ್ಣು ಮಿಟುಕಿಸುವುದರೊಳಗೆ ಮಾಡೀತು. ಆದುದರಿಂದ ಬರಿಯ ವೇಗದಲ್ಲಿ ಯಂತ್ರವನ್ನು ಗೆಲ್ಲುವೆವೆಂಬ ಆಸೆಯನ್ನು ಬಿಡಬೇಕು. ಯಾವ ಲೆಕ್ಕವನ್ನು ಮಾಡಬೇಕು, ಬಂದ ಉತ್ತರವು ಸರಿಯೇ ಎಂಬ ಎರಡು ಪ್ರಶ್ನೆಗಳು ಮಾತ್ರ ಮನುಷ್ಯರ ಪಾಲಿಗೆ ಉಳಿದಿವೆ. ಇವುಗಳನ್ನು ನೆನಪಿನಲ್ಲಿಟ್ಟುಕೊಂಡು ಮೂರು ಸ್ಥಳಗಳನ್ನು ನೋಡೋಣ.

೨. ಪೀಣ್ಯ: ಕೈಗೆಲಸದಲ್ಲಿ ಆದ ಬದಲಾವಣೆ

ನಗರದ ವಾಯವ್ಯಕ್ಕೆ ಪೀಣ್ಯವಿದೆ. ಅದರ ನೆರೆಯ ಜಾಲಹಳ್ಳಿಯಲ್ಲಿ ಕೇಂದ್ರ ಸರ್ಕಾರದವರ ಹಿಂದುಸ್ಥಾನ್ ಮೆಷಿನ್ ಟೂಲ್ಸ್ ೧೯೫೩ರಲ್ಲಿಯೂ ಭಾರತ್ ಎಲೆಕ್ಟ್ರಾನಿಕ್ಸ್ ೧೯೫೪ರಲ್ಲಿಯೂ ಸ್ಥಾಪನೆಯಾದುವು. ಇಂಥ ದೊಡ್ಡ ಕಾರ್ಖಾನೆಗಳ ನೆರಳಿನಲ್ಲಿ ಬಿಡಿಭಾಗಗಳನ್ನು ಮಾಡಿಕೊಡುವ ಸಣ್ಣ ಕಾರ್ಖಾನೆಗಳು ಬೆಳೆದು, ೧೯೭೦ರ ದಶಕದ ಕೊನೆಯ ಹೊತ್ತಿಗೆ ಪೀಣ್ಯವು ಕೈಗಾರಿಕಾ ಪ್ರದೇಶವಾಯಿತು. ಇಂದು ಅಲ್ಲಿ ಸಹಸ್ರಾರು ಸಣ್ಣ ಕಾರ್ಖಾನೆಗಳಿವೆ.

ಹಿಂದಿನ ಕಾಲದಲ್ಲಿ ಲೇತ್ ಯಂತ್ರದ ಮುಂದೆ ನಿಂತ ಕೆಲಸಗಾರನು ಎರಡು ಕೈಗಳಿಂದ ಚಕ್ರಗಳನ್ನು ತಿರುಗಿಸುತ್ತ, ಕಬ್ಬಿಣವು ಸುಲಿದು ಬರುವ ಬಣ್ಣವನ್ನೂ ಶಬ್ದವನ್ನೂ ಗಮನಿಸುತ್ತ, ನಡುನಡುವೆ ಅಳತೆ ಹಿಡಿಯುತ್ತ ಕೆಲಸ ಮಾಡುತ್ತಿದ್ದನು. ಆ ವಿದ್ಯೆಯು ಅವನ ಕೈಯಲ್ಲಿತ್ತು. ಅದನ್ನು ಕಲಿಯಲು ಹತ್ತು ವರ್ಷ ಬೇಕಾಗುತ್ತಿತ್ತು. ಈಗ ಸಿ.ಎನ್.ಸಿ. ಎಂಬ ಗಣಕ ನಿಯಂತ್ರಿತ ಯಂತ್ರಗಳು ಬಂದಿವೆ. ಉಳಿಯು ಎಲ್ಲಿಂದ ಎಲ್ಲಿಗೆ, ಎಷ್ಟು ವೇಗದಲ್ಲಿ, ಎಷ್ಟು ಆಳಕ್ಕೆ ಚಲಿಸಬೇಕೆಂಬುದನ್ನು ಅಂಕಿಗಳಲ್ಲಿ ಬರೆದುಕೊಟ್ಟರೆ ಯಂತ್ರವು ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು ನಿಖರವಾಗಿ ಕೊರೆಯುವುದು. ತೋಳಿನ ಬಲವು ಅಷ್ಟಾಗಿ ಬೇಡವಾದುದರಿಂದ ಅಲ್ಲಿ ಹೆಣ್ಣುಮಕ್ಕಳಿಗೂ ಸ್ಥಳ ದೊರೆಯಿತು. ಇದು ಯಂತ್ರದಿಂದಾದ ಉಪಕಾರ.

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಡಿಪ್ಲೊಮಾ ಮುಗಿಸಿ ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಭಾಗಗಳ ತಪಾಸಣೆಯ ಕೆಲಸದಲ್ಲಿದ್ದಾಳೆ. ಆಕೆ ನಮಗೆ ಹೇಳಿದ ಸಂಗತಿಯನ್ನು ಇಲ್ಲಿ ಬರೆಯುತ್ತೇವೆ. ಉಳಿಯು ಸವೆದಂತೆಲ್ಲ ಆ ಸವೆತದಷ್ಟು ಅಂಕಿಯನ್ನು ಯಂತ್ರಕ್ಕೆ ತಿದ್ದಿ ಕೊಡಬೇಕು. ಒಂದು ರಾತ್ರಿ ಪಾಳಿಯಲ್ಲಿ ೦.೦೫ ಎಂದು ಒತ್ತಬೇಕಾದವನು ೦.೫ ಎಂದು ಒತ್ತಿದನು. ಯಂತ್ರವು ಯಾವ ಸಂಕೋಚವನ್ನೂ ತೋರದೆ ಬೆಳಗಾಗುವವರೆಗೆ ಒಂದರ ಹಿಂದೊಂದು ತಪ್ಪು ಭಾಗವನ್ನೇ ಬಹಳ ಅಂದವಾಗಿ ಮಾಡಿ ಇಟ್ಟಿತು. “ಮಿಸ್, ಅದು ಆರನೆಯ ಕ್ಲಾಸಿನ ದಶಮಾಂಶದ ಲೆಕ್ಕ, ಅಷ್ಟೇ!” ಎಂದಳು ನಮ್ಮ ಹುಡುಗಿ. ಕೈಯ ವಿದ್ಯೆ ಯಂತ್ರಕ್ಕೆ ಹೋಯಿತು. ಆದರೆ ಬಿಂದುವನ್ನು ಎಲ್ಲಿಡಬೇಕೆಂಬ ವಿದ್ಯೆ ಮನುಷ್ಯನಲ್ಲಿಯೇ ಉಳಿಯಿತು, ಅದರ ಬೆಲೆಯೂ ಹೆಚ್ಚಿತು.

ಪೀಣ್ಯದ ಇನ್ನೊಂದು ಮುಖವನ್ನೂ ಮರೆಮಾಡಬಾರದು. ಅಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳೂ ಇವೆ. ಅವುಗಳಲ್ಲಿ ಹೊಲಿಗೆಗೆ ಕುಳಿತವರಲ್ಲಿ ಹೆಚ್ಚಿನವರು ಸ್ತ್ರೀಯರು. ಗಂಟೆಗೆ ಇಷ್ಟು ಉಡುಪು ಎಂಬ ಗುರಿಯನ್ನು ಅವರಿಗೆ ವಿಧಿಸುವರು. ಎಣಿಕೆಯನ್ನು ಗಣಕಯಂತ್ರಕ್ಕೆ ಒಪ್ಪಿಸಿದ ಕಡೆ ಅದು ತಪ್ಪದೆ ಎಣಿಸುವುದು. ಆದರೆ ಯಾಕೆ ತಡವಾಯಿತು, ಬೆನ್ನು ನೋವೇ, ದಾರ ಕೆಟ್ಟದ್ದೇ ಎಂಬುದನ್ನು ಅದು ಕೇಳುವುದಿಲ್ಲ. ಯಂತ್ರಕ್ಕೆ ಅಂಕಿಯನ್ನು ಕೊಡುವವಳಾಗುವುದೂ, ಯಂತ್ರದಿಂದ ಅಂಕಿಯಾಗಿ ಎಣಿಸಲ್ಪಡುವವಳಾಗುವುದೂ ಒಂದೇ ಅಲ್ಲ. ಇವೆರಡರ ನಡುವಣ ಅಂತರವು ಬಹುಮಟ್ಟಿಗೆ ಶಾಲೆಯ ಓದಿನ ಅಂತರವೇ ಆಗಿದೆ.

೩. ಎಲೆಕ್ಟ್ರಾನಿಕ್ ಸಿಟಿ: ಬುದ್ಧಿಯ ಕೆಲಸದಲ್ಲಿ ಆದ ಬದಲಾವಣೆ

ನಗರದ ದಕ್ಷಿಣಕ್ಕೆ ಹೊಸೂರಿನ ದಾರಿಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಎಂಬ ಹಳ್ಳಿಗಳ ೩೩೨ ಎಕರೆ ಭೂಮಿಯಲ್ಲಿ ೧೯೭೮ರಲ್ಲಿ ಎಲೆಕ್ಟ್ರಾನಿಕ್ ಸಿಟಿಯು ಆರಂಭವಾಯಿತು. ೧೯೭೬ರಲ್ಲಿ ಸ್ಥಾಪಿತವಾದ ಕಿಯೋನಿಕ್ಸ್ ಎಂಬ ಸರ್ಕಾರಿ ಸಂಸ್ಥೆಯ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗರವರ ಕನಸು ಅದು. ಅಷ್ಟು ದೂರದ ಹೊಲಗಳ ನಡುವೆ ಯಾರು ಬಂದಾರೆಂದು ಅನೇಕರು ಶಂಕಿಸಿದ್ದರು. ೧೯೮೧ರಲ್ಲಿ ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್ ಕಂಪನಿಯು ೧೯೮೩ರಲ್ಲಿ ಬೆಂಗಳೂರಿಗೆ ಬಂದು, ಮುಂದೆ ಅಲ್ಲಿಯೇ ನೆಲೆಯೂರಿತು. ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕಾದ ಕಂಪನಿಯು ಬೆಂಗಳೂರಿಗೆ ಬಂದು, ಇಲ್ಲಿ ಮಾಡಿದ ಕೆಲಸವನ್ನು ಉಪಗ್ರಹದ ಮೂಲಕ ತನ್ನ ದೇಶಕ್ಕೆ ಕಳುಹಿಸುವ ಏರ್ಪಾಡು ಮಾಡಿಕೊಂಡಿತು. ಹಡಗಿಗೂ ವಿಮಾನಕ್ಕೂ ಹೇರದೆ ದುಡಿಮೆಯನ್ನು ಸಮುದ್ರದಾಚೆಗೆ ಕಳುಹಿಸಬಹುದೆಂಬುದು ಆಗ ಹೊಸ ಸಂಗತಿ.

ಆ ದುಡಿಮೆಯಾದರೂ ಎಂಥದು? ಒಂದು ಉದಾಹರಣೆ. ಹಿಂದಿನವರು ಯಂತ್ರದ ನೆನಪಿನಲ್ಲಿ ಸ್ಥಳ ಉಳಿಸುವುದಕ್ಕಾಗಿ ಇಸವಿಯ ಕೊನೆಯ ಎರಡು ಅಂಕಿಗಳನ್ನು ಮಾತ್ರ ಬರೆಯುತ್ತಿದ್ದರು. ೧೯೭೫ ಎಂಬುದಕ್ಕೆ ೭೫. ಹೀಗಿರಲಾಗಿ ೨೦೦೦ನೆಯ ಇಸವಿ ಬಂದಾಗ ಯಂತ್ರವು ೦೦ ಎಂಬುದನ್ನು ೧೯೦೦ ಎಂದು ತಿಳಿದರೆ ಬ್ಯಾಂಕುಗಳ ಬಡ್ಡಿಯೂ ನೌಕರರ ವಯಸ್ಸೂ ತಲೆಕೆಳಗಾಗಬಹುದಾಗಿತ್ತು. ಲೋಕದ ಹಳೆಯ ಪ್ರೋಗ್ರಾಂಗಳನ್ನೆಲ್ಲ ಸಾಲುಸಾಲಾಗಿ ಓದಿ ತಿದ್ದುವ ಕೆಲಸದಲ್ಲಿ ದೊಡ್ಡ ಪಾಲು ೧೯೯೦ರ ದಶಕದ ಕೊನೆಯಲ್ಲಿ ನಮ್ಮ ದೇಶದ ಇಂಜಿನಿಯರುಗಳಿಗೆ ಬಂದಿತು. ಬೆಂಗಳೂರಿನ ಏಳಿಗೆಗೆ ಅದು ಒಂದು ದೊಡ್ಡ ಮೆಟ್ಟಿಲು.

ಈ ಏಳಿಗೆಗೆ ಬಹು ಮೊದಲೇ ದಾರಿ ಮಾಡಿದ ಸ್ತ್ರೀಯೊಬ್ಬರನ್ನು ಇಲ್ಲಿ ಸ್ಮರಿಸಬೇಕು. ೧೯೨೨ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರು ಕರ್ನಾಟಕದ ಮೊದಲನೆಯ ಮಹಿಳಾ ಇಂಜಿನಿಯರೆಂದು ಪ್ರಸಿದ್ಧರು. ಅವರು ಅಮೆರಿಕಾದ ಮಿಶಿಗನ್ ವಿಶ್ವವಿದ್ಯಾನಿಲಯದಲ್ಲಿ ಓದಿ, ೧೯೫೩ರಲ್ಲಿ ಹಿಂದಿರುಗಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್ ಸಂಪರ್ಕ ವಿದ್ಯೆಯನ್ನು ಬೋಧಿಸಿದರು. ಅವರು ಓದುವ ಕಾಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯೂ ಇರಲಿಲ್ಲ, ಮನೆಮನೆಗೆ ಗಣಕಯಂತ್ರವೂ ಇರಲಿಲ್ಲ. ಅವರು ಕಲಿತದ್ದು ಗಣಿತ ಮತ್ತು ಭೌತಶಾಸ್ತ್ರ. ಮುಂದಿನ ಯಂತ್ರಗಳೆಲ್ಲ ಆ ಬುನಾದಿಯ ಮೇಲೆಯೇ ನಿಂತುವು.

ಈಗ ಇನ್ನೊಂದು ತಿರುವು ಬಂದಿದೆ. ೨೦೨೨ನೆಯ ಇಸವಿಯ ನವೆಂಬರಿನ ಕೊನೆಯಲ್ಲಿ ಚಾಟ್‌ಜಿಪಿಟಿ ಎಂಬುದು ಸಾರ್ವಜನಿಕರ ಕೈಗೆ ಬಂದಿತು. ಬಳಿಕ ಅದರಂಥವು ಹಲವು ಬಂದುವು. ಇವು ಪತ್ರವನ್ನೂ ಪ್ರಬಂಧವನ್ನೂ ಪ್ರೋಗ್ರಾಮನ್ನೂ ತಾವೇ ಬರೆದುಕೊಡುವುವು. ಇದರ ಮರ್ಮವನ್ನು ಸ್ಥೂಲವಾಗಿ ಹೀಗೆ ಹೇಳಬಹುದು: ಲೋಕದಲ್ಲಿರುವ ಬರಹದ ರಾಶಿಯನ್ನು ಯಂತ್ರಕ್ಕೆ ಉಣಿಸಿ, ಯಾವ ಮಾತಿನ ಹಿಂದೆ ಯಾವ ಮಾತು ಬರುವ ಸಂಭವ ಹೆಚ್ಚೆಂಬುದನ್ನು ಅದಕ್ಕೆ ರೂಢಿ ಮಾಡಿಸಿದ್ದಾರೆ. ಆದಕಾರಣ ಅದು ಸರಿಯಾದದ್ದನ್ನೂ ತಪ್ಪಾದದ್ದನ್ನೂ ಒಂದೇ ಧೈರ್ಯದಿಂದ ಹೇಳುವುದು. ಸಣ್ಣ ಪ್ರೋಗ್ರಾಂ ಬರೆಯುವುದು, ಪರೀಕ್ಷಿಸುವುದು, ಗಿರಾಕಿಗಳ ಪ್ರಶ್ನೆಗಳಿಗೆ ಉತ್ತರಿಸುವುದು ಮುಂತಾಗಿ ಹೊಸದಾಗಿ ಸೇರಿದವರಿಗೆ ಕೊಡುತ್ತಿದ್ದ ಕೆಲಸಗಳಿಗೆ ಅದು ಮೊದಲು ಕೈ ಹಾಕಿದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿ ಕಳೆದ ವಾರ್ಷಿಕೋತ್ಸವದಲ್ಲಿ ಹೀಗೆಂದಳು: “ಮಿಸ್, ಈಗ ಬರೆಯುವುದಕ್ಕಿಂತ ಓದುವುದೇ ಹೆಚ್ಚಾಗಿದೆ. ಅದು ಬರೆದು ಕೊಡುತ್ತದೆ. ತಪ್ಪು ಎಲ್ಲಿದೆಯೆಂದು ನಾವು ಹುಡುಕಬೇಕು. ನಿಧಾನವಾಗಿ ಓದಲು ಬಾರದವರಿಗೆ ಕಷ್ಟ.” ಈ ಮಾತನ್ನು ಕೇಳಿ ನಮಗೆ ನಾಚಿಕೆಯಾಯಿತು, ಏಕೆಂದರೆ ನಮ್ಮ ತರಗತಿಗಳಲ್ಲಿ ಕಡಮೆ ಗುಣಗಳು ಬರುವುದು ಓದಿ ಅರ್ಥಮಾಡಿಕೊಳ್ಳುವ ಪ್ರಶ್ನೆಗೇ.

ನಮ್ಮ ಒಂಬತ್ತನೆಯ ತರಗತಿಯಲ್ಲಿಯೇ ನಡೆದುದನ್ನು ಹೇಳುವೆವು. ವರ್ತೂರು ಕೆರೆಯ ಮೇಲೆ ಪ್ರಬಂಧ ಬರೆದು ತರಲು ಹೇಳಿದ್ದೆವು. ಮೂವರು ಹುಡುಗಿಯರು ಒಂದೇ ತೆರನಾದ ಪ್ರಬಂಧವನ್ನು ತಂದರು. ಅದರಲ್ಲಿ ಕೆರೆಗೆ ಕಾವೇರಿಯ ನೀರು ಬರುವುದೆಂದೂ, ಕಮಲಗಳು ಅರಳಿರುವುವೆಂದೂ, ನೀರು ಸ್ಫಟಿಕದಂತಿರುವುದೆಂದೂ ಇತ್ತು. ವಾಸ್ತವವಾಗಿ ಆ ಕೆರೆಗೆ ಬೆಳ್ಳಂದೂರು ಕೆರೆಯಿಂದ ನೀರು ಬಂದು, ಮುಂದೆ ದಕ್ಷಿಣ ಪಿನಾಕಿನಿಯ ಕಡೆಗೆ ಹರಿಯುವುದು. ೨೦೧೫ರ ಸುಮಾರಿಗೆ ಅದರ ನೊರೆಯು ರಸ್ತೆಗೆ ಹಾರಿಬರುತ್ತಿದ್ದುದನ್ನು ಲೋಕವೇ ನೋಡಿದೆ. ಆ ಮೂವರೂ ದಿನವೂ ಆ ಕೆರೆಯ ಬದಿಯಿಂದಲೇ ಶಾಲೆಗೆ ಬರುವವರು! ಕಣ್ಣಿನಿಂದ ಕಂಡದ್ದಕ್ಕಿಂತ ಮೊಬೈಲು ಹೇಳಿದ್ದನ್ನು ನಿಜವೆಂದು ಬಗೆದರು. ನಾಲ್ಕನೆಯವಳೊಬ್ಬಳು, ತನ್ನ ಅಜ್ಜಿಯು ಹಿಂದೆ ಆ ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದುದನ್ನೂ ಈಗ ಮೂಗು ಮುಚ್ಚಿಕೊಂಡು ಹೋಗುವುದನ್ನೂ ಎಂಟು ಸಾಲುಗಳಲ್ಲಿ, ಎರಡು ಕಾಗುಣಿತದ ತಪ್ಪುಗಳೊಡನೆ ಬರೆದಿದ್ದಳು. ಹೆಚ್ಚಿನ ಗುಣಗಳನ್ನು ನಾವು ಯಾರಿಗೆ ಕೊಟ್ಟೆವೆಂಬುದನ್ನು ನೀವೇ ಊಹಿಸಬಲ್ಲಿರಿ.

೪. ವೈಟ್‌ಫೀಲ್ಡ್: ಸಮಾಜದಲ್ಲಿ ಆದ ಬದಲಾವಣೆ

ವೈಟ್‌ಫೀಲ್ಡ್ ಹಳೆಯ ಊರು. ೧೮೮೨ರಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರವರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಕೊಟ್ಟ ೩,೯೦೦ ಎಕರೆ ಭೂಮಿಯಲ್ಲಿ ಬೇಸಾಯಗಾರರ ನೆಲೆಯಾಗಿ ಅದು ಹುಟ್ಟಿತು. ವೈಟ್ ಎಂಬ ಮಹನೀಯರ ಹೆಸರನ್ನು ಹೊತ್ತಿತು. ನೂರು ವರ್ಷಗಳ ಮೇಲೆ, ೧೯೯೦ರ ದಶಕದಲ್ಲಿ ಸಿಂಗಾಪುರದವರ ಸಹಯೋಗದಿಂದ ಅಲ್ಲಿ ಟೆಕ್ ಪಾರ್ಕು ಎದ್ದಿತು. ತೋಟಗಳಿದ್ದಲ್ಲಿ ಗಾಜಿನ ಗೋಡೆಗಳ ಕಟ್ಟಡಗಳು ಬಂದುವು.

ಆ ಕಟ್ಟಡಗಳ ಒಳಗೆ ಗಣಕಯಂತ್ರದ ಮುಂದೆ ಕುಳಿತವರನ್ನು ಮಾತ್ರ ನಾವು ಎಣಿಸುವುದುಂಟು. ಆದರೆ ಅವರ ಮನೆಗಳಲ್ಲಿ ಅಡಿಗೆ ಮಾಡುವವರು, ಕಟ್ಟಡವನ್ನು ಗುಡಿಸಿ ಒರಸುವವರು, ಕಾರು ನಡೆಸುವವರು, ಊಟವನ್ನೂ ಸಾಮಾನುಗಳನ್ನೂ ಬಾಗಿಲಿಗೆ ತಂದುಕೊಡುವವರು, ಇವರೆಲ್ಲರೂ ಅದೇ ಉದ್ಯೋಗದ ಬೇರುಗಳು. ಕಾಡುಗೋಡಿ, ಹೂಡಿ, ವರ್ತೂರುಗಳಿಂದ ಬರುವ ನಮ್ಮ ಬಾಲಿಕೆಯರಲ್ಲಿ ಎಷ್ಟೋ ಮಂದಿಯ ತಾಯ್ತಂದೆಗಳು ಇವರೇ. ಇವರ ಕೆಲಸವನ್ನೂ ಈಗ ಮೊಬೈಲೇ ಹಂಚುತ್ತಿದೆ. ಯಾರಿಗೆ ಕೆಲಸ, ಎಷ್ಟು ಕೂಲಿ, ಎಷ್ಟು ನಕ್ಷತ್ರ ಎಂಬುದನ್ನು ಕಾಣದ ಲೆಕ್ಕವೊಂದು ನಿರ್ಣಯಿಸುವುದು. ಯಜಮಾನನ ಮುಖ ನೋಡಿ ಅರಿಕೆ ಮಾಡಿಕೊಳ್ಳಬಹುದಾಗಿತ್ತು, ಲೆಕ್ಕಕ್ಕೆ ಮುಖವೆಲ್ಲಿದೆ? ಇದನ್ನರಿತೇ ಕರ್ನಾಟಕದಲ್ಲಿ ೨೦೨೫ರಲ್ಲಿ ಇಂಥ ಕೆಲಸಗಾರರ ಸಾಮಾಜಿಕ ಭದ್ರತೆಗಾಗಿ ಒಂದು ಕಾಯಿದೆಯು ಆಯಿತು. ಅವರಿಗಾಗಿ ಕಲ್ಯಾಣ ಮಂಡಳಿಯಿರಬೇಕು, ಕಾರಣ ತಿಳಿಸದೆ ಕೆಲಸದಿಂದ ತೆಗೆಯಕೂಡದು ಎಂಬಿವು ಅದರಲ್ಲಿ ಸೇರಿವೆ. ಕಾಯಿದೆಯು ಇದ್ದರೆ ಸಾಲದು. ಅದನ್ನು ಓದಿ ತಂದೆಗೆ ತಿಳಿಸಿ ಹೇಳಬಲ್ಲ ಮಗಳು ಮನೆಯಲ್ಲಿರಬೇಕು.

ಯಂತ್ರದಿಂದ ಸಾಮಾನ್ಯ ಜನರಿಗೆ ಆದ ಹಿತವೂ ಅಲ್ಪವಲ್ಲ. ಹಿಂದೆ ಪಹಣಿಯ ಒಂದು ಪ್ರತಿಗಾಗಿ ರೈತನು ಗ್ರಾಮದ ಲೆಕ್ಕಿಗರ ಹಿಂದೆ ದಿನಗಟ್ಟಲೆ ಅಲೆಯಬೇಕಾಗಿತ್ತು. ೨೦೦೦ನೆಯ ಇಸವಿಯ ಸುಮಾರಿಗೆ ನಮ್ಮ ರಾಜ್ಯದಲ್ಲಿ ಭೂಮಿ ಎಂಬ ಯೋಜನೆಯಿಂದ ಸುಮಾರು ೨ ಕೋಟಿ ಜಮೀನು ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿದ ಮೇಲೆ ತಾಲ್ಲೂಕು ಕಚೇರಿಯಲ್ಲಿ ಅದು ನಿಮಿಷಗಳಲ್ಲಿ ದೊರೆಯುವಂತಾಯಿತು. ಆದರೆ ಯಂತ್ರವು ಕೊಟ್ಟ ಕಾಗದವನ್ನು ಓದಲು ಬಾರದವರು ಮತ್ತೊಬ್ಬರ ಕಣ್ಣನ್ನೇ ಆಶ್ರಯಿಸಬೇಕಾಗಿದೆ.

ಓದಿ ನೋಡದಿದ್ದರೆ ಆಗುವ ಅನರ್ಥಕ್ಕೆ ನಮ್ಮಲ್ಲಿಯೇ ನಿದರ್ಶನವಿದೆ. ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿನಿಯೊಬ್ಬಳ ವಿದ್ಯಾರ್ಥಿವೇತನವು ಇಡೀ ವರ್ಷ ತಡೆಯಲ್ಪಟ್ಟಿತು. ಕಾರಣವೇನೆಂದರೆ ಆಧಾರ್ ಚೀಟಿಯಲ್ಲಿ ಇದ್ದ ಹೆಸರಿಗೂ ಶಾಲೆಯ ದಾಖಲೆಯ ಹೆಸರಿಗೂ ಒಂದಕ್ಷರದ ವ್ಯತ್ಯಾಸವಿತ್ತು. ಆ ಹುಡುಗಿ ಅವಳೇ ಎಂಬುದು ನಮಗೂ ಗೊತ್ತು, ಅವಳ ತಾಯಿಗೂ ಗೊತ್ತು, ಕಚೇರಿಯಲ್ಲಿ ಕುಳಿತವರಿಗೂ ಗೊತ್ತು. ಯಂತ್ರಕ್ಕೆ ಮಾತ್ರ ಗೊತ್ತಾಗಲಿಲ್ಲ. ತಾಯಿಯು ನಾಲ್ಕು ದಿನಗಳ ಕೂಲಿಯನ್ನು ಕಳೆದುಕೊಂಡು ಅಲೆದಳು. ಅಂದಿನಿಂದ ಸೇರಿಸುವ ದಿನವೇ ಎಲ್ಲ ಕಾಗದಗಳ ಹೆಸರನ್ನೂ ಅಕ್ಷರಶಃ ಹೋಲಿಸಿ ನೋಡುವುದನ್ನು ನಾವು ನಿಯಮವಾಗಿ ಮಾಡಿಕೊಂಡಿದ್ದೇವೆ. ಆ ಹೋಲಿಕೆಯನ್ನು ಹುಡುಗಿಯಿಂದಲೇ ಮಾಡಿಸುತ್ತೇವೆ.

ಅಕ್ಷರದ ಮಾತು ಬಂದುದರಿಂದ ಕನ್ನಡದ ವಿಷಯವಾಗಿ ಒಂದು ಮಾತು. ಹಿಂದೆ ಮಿಶನ್ನಿನವರ ಮುದ್ರಣಾಲಯದಲ್ಲಿ ಕಲ್ಲಚ್ಚಿನಿಂದ ಮೂಡುತ್ತಿದ್ದ ನಮ್ಮ ಅಕ್ಷರವು ಇಂದು ಮೊಬೈಲಿನಲ್ಲಿ ಮೂಡುವುದಕ್ಕೆ ಅನೇಕರು ದುಡಿದಿದ್ದಾರೆ. ಕರಾವಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾಯರು, ವ್ಯಂಜನಕ್ಕೆ ಸ್ವರವನ್ನು ಕೂಡಿಸಿದರೆ ಗುಣಿತಾಕ್ಷರವು ತಾನಾಗಿ ಮೂಡುವಂಥ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. ನಮ್ಮ ಸರ್ಕಾರವೂ ಅದನ್ನೇ ಅಂಗೀಕರಿಸಿತು. ಬಾಲಿಕೆಯು ಒಂದನೆಯ ತರಗತಿಯಲ್ಲಿ ಕಲಿಯುವ ಕಾಗುಣಿತವೇ ಯಂತ್ರದ ವಿದ್ಯೆಯಾಯಿತು! ಹೀಗಿದ್ದೂ ನಮ್ಮ ಹುಡುಗಿಯರು ತಾಯಿಗೆ ಕನ್ನಡದ ಸಂದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕಳುಹಿಸುವರು. ಕನ್ನಡವನ್ನು ಮಾತ್ರ ಓದಬಲ್ಲ ತಾಯಿಗೆ ಅದು ಬೀಗ ಹಾಕಿದ ಪತ್ರ.

೫. ೨೦೨೦ನೆಯ ಇಸವಿಯ ಪಾಠ

ಇಲ್ಲಿಯವರೆಗೆ ಹೊರಗಿನದನ್ನು ಹೇಳಿದೆವು. ಈಗ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ೨೦೨೦ರ ಮಾರ್ಚಿಯಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ಶಾಲೆಗಳು ಮುಚ್ಚಿದಾಗ ನಾವು ಮೊಬೈಲಿನ ಮೂಲಕ ಪಾಠಗಳನ್ನು ಕಳುಹಿಸಲಾರಂಭಿಸಿದೆವು. ಪಾಠವು ಹೋಯಿತೆಂಬ ಗುರುತು ಬಂದೊಡನೆ ಕಲಿಸಿದೆವೆಂದು ಭಾವಿಸಿದೆವು. ಎಷ್ಟೋ ಮನೆಗಳಲ್ಲಿ ಇದ್ದುದು ಒಂದೇ ಮೊಬೈಲು. ಹಗಲೆಲ್ಲ ಅದು ತಂದೆಯೊಡನೆ ಕೆಲಸಕ್ಕೆ ಹೋಗುತ್ತಿತ್ತು. ಸಂಜೆ ಬಂದರೆ ಮೊದಲು ಅಣ್ಣನ ಕೈಗೆ, ಬಳಿಕ ತಮ್ಮನ ಕೈಗೆ. ಹುಡುಗಿಯು ಅಡಿಗೆಮನೆಯ ಕೆಲಸ ಮುಗಿಸಿ ಬರುವಾಗ ಅದರ ಶಕ್ತಿಯು ಮುಗಿದಿರುತ್ತಿತ್ತು. ಆ ವರ್ಷ ವಿದ್ಯಾಗಮವೆಂಬ ಕಾರ್ಯಕ್ರಮದಲ್ಲಿ ಸರ್ಕಾರಿ ಶಾಲೆಗಳ ಉಪಾಧ್ಯಾಯರು ಮಕ್ಕಳಿದ್ದ ಕಡೆಗೆ ತಾವೇ ಹೋದರು. ನಮಗೆ ಬುದ್ಧಿ ಬಂದು ನಾವು ಮನೆಮನೆಗೆ ಹೊರಟದ್ದು ತಡವಾಗಿ. ಶಾಲೆಯು ಮತ್ತೆ ತೆರೆದಾಗ ಹತ್ತನೆಯ ತರಗತಿಯ ಒಂದು ಬೆಂಚಿನಲ್ಲಿ ಒಬ್ಬಳ ಸ್ಥಳವು ಖಾಲಿಯಾಗಿತ್ತು. ಅವಳು ಲೆಕ್ಕದಲ್ಲಿ ಆ ತರಗತಿಗೆ ಮೊದಲನೆಯವಳು. ಅವಳಿಗೆ ಮದುವೆಯಾಗಿದೆ ಎಂದು ನೆರೆಯವರು ಹೇಳಿದರು. ಆ ವರ್ಷದ ಹಾಜರಿ ಪುಸ್ತಕವನ್ನು ನಾವು ಇನ್ನೂ ನಮ್ಮ ಮೇಜಿನ ಖಾನೆಯಲ್ಲಿಯೇ ಇಟ್ಟುಕೊಂಡಿದ್ದೇವೆ.

ಆದುದರಿಂದ, ತಾಯ್ತಂದೆಗಳೇ, ಶಾಲೆಯಲ್ಲಿ ಎಷ್ಟು ಗಣಕಯಂತ್ರಗಳಿವೆಯೆಂದು ನೀವು ನಮ್ಮನ್ನು ಕೇಳುವಾಗ, ಮನೆಯಲ್ಲಿರುವ ಮೊಬೈಲಿನಲ್ಲಿ ಮಗಳ ಪಾಲೆಷ್ಟೆಂದು ನಾವೂ ನಿಮ್ಮನ್ನು ಕೇಳಬೇಕಾಗಿದೆ. ಯಂತ್ರವು ಗಂಡು ಹೆಣ್ಣೆಂಬ ಭೇದವನ್ನು ಮಾಡುವುದಿಲ್ಲ. ಅದನ್ನು ಕೊಡುವ ಕೈ ಮಾಡುವುದು.

೬. ನಾವು ಮಾಡತಕ್ಕದ್ದೇನು?

ಮೇಲಿನ ಸಂಗತಿಗಳಿಂದ ನಮಗೆ ತೋರಿದ್ದು ಇಷ್ಟು. ಗಣಕಯಂತ್ರವನ್ನು ನಡೆಸಲು ಕಲಿಸಬೇಕು, ನಿಜ. ವಾರಕ್ಕೆ ಮೂರು ಪೀರಿಯಡ್ಡುಗಳು ಇದ್ದೇ ಇವೆ. ಆದರೆ ಇಂದು ನಾವು ಕಲಿಸುವ ಗುಂಡಿಗಳು ಇಂದಿನ ಬಾಲಿಕೆಯು ಉದ್ಯೋಗಕ್ಕೆ ಸೇರುವ ಹೊತ್ತಿಗೆ ಇರಲಾರವು. ಉಳಿಯುವುದು ದಶಮಾಂಶದ ಬಿಂದುವನ್ನು ಸರಿಯಾದ ಸ್ಥಳದಲ್ಲಿಡುವ ಲೆಕ್ಕ. ನಿಧಾನವಾಗಿ ಓದಿ ತಪ್ಪನ್ನು ಕಂಡುಹಿಡಿಯುವ ಓದು. ಕಣ್ಣಾರೆ ಕಂಡದ್ದನ್ನು ನಂಬಿ ಹೇಳುವ ಧೈರ್ಯ. ತಾಯಿಗೆ ತಿಳಿಯುವಂತೆ ಬರೆಯುವ ಕನ್ನಡ. ಇವು ನಾಲ್ಕೂ ಇದ್ದವಳ ಕೈಯಲ್ಲಿ ಯಾವ ಹೊಸ ಯಂತ್ರವಾದರೂ ಆಳಾಗಿರುವುದು. ಇಲ್ಲದವಳಿಗೆ ಅದು ಒಡೆಯನಾಗುವುದು.

ಬೆರಳಚ್ಚಿನ ಕೊಠಡಿಯಲ್ಲಿ ನಮಗೆ ಕಲಿಸಿದ ಮಿಸ್‌ರವರನ್ನು ಈಗ ನೆನೆಯುತ್ತೇವೆ. ಎಷ್ಟು ವೇಗವಾಗಿ ಹೊಡೆದು ಕೊಟ್ಟರೂ ಅವರು ಹಾಳೆಯನ್ನು ಕೂಡಲೆ ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ. “ಓದಿ ನೋಡಿದೆಯೇನಮ್ಮಾ?” ಎಂದು ಕೇಳಿ, ನಾವು ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು ಓದುವವರೆಗೆ ಕಾಯುತ್ತಿದ್ದರು. ಆಗ ಅದು ನಮಗೆ ಕಾಟವೆಂದು ತೋರುತ್ತಿತ್ತು. ಯಂತ್ರಗಳು ಹೋದುವು, ಪರೀಕ್ಷೆಗಳ ಬೆಲೆ ಹೋಯಿತು. ಆ ಒಂದು ಪ್ರಶ್ನೆ ಮಾತ್ರ ಮೂವತ್ತು ವರ್ಷಗಳಿಂದ ನಮ್ಮೊಡನೆ ಬಂದಿದೆ. ಕಳೆದ ಜೂನ್ ತಿಂಗಳಿಂದ ಗಣಕಯಂತ್ರದ ಕೊಠಡಿಯ ಬಾಗಿಲಿನ ಮೇಲೆ ಅದನ್ನೇ ಬರೆಯಿಸಿದ್ದೇವೆ.

ಮನೆಯಲ್ಲಿ ಅಭ್ಯಾಸಕ್ಕೆ

ತಾಯ್ತಂದೆಗಳೂ ಮಗಳೂ ಒಟ್ಟಿಗೆ ಕುಳಿತು ಮಾಡತಕ್ಕದ್ದು.

(೧) ಒಂದು ರಂಗೋಲಿಯನ್ನಾಗಲಿ ಸಾರು ಮಾಡುವ ಕ್ರಮವನ್ನಾಗಲಿ, ಯಾವ ಹೆಜ್ಜೆಯನ್ನೂ ಬಿಡದೆ ಬರೆಯಿರಿ. ಆ ಬರಹದಂತೆಯೇ ಮತ್ತೊಬ್ಬರಿಂದ ಮಾಡಿಸಿ ನೋಡಿರಿ.

(೨) ನಿಮ್ಮ ಊರಿನ ಕೆರೆಯ ವಿಷಯವಾಗಿ ಮೊಬೈಲನ್ನು ಕೇಳಿರಿ. ಬಳಿಕ ಕೆರೆಗೆ ಹೋಗಿ ನೋಡಿ, ಅಜ್ಜಿಯನ್ನೂ ಕೇಳಿ, ಮೊಬೈಲು ಹೇಳಿದ್ದರಲ್ಲಿ ತಪ್ಪೆಷ್ಟು, ಒಪ್ಪೆಷ್ಟು ಎಂದು ಗುರುತಿಸಿರಿ.

(೩) ಮನೆಯ ಎಲ್ಲ ಕಾಗದಪತ್ರಗಳಲ್ಲಿ ಮಗಳ ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿರಿ.

(೪) ಮಗಳು ತಾಯಿಗೆ ಕನ್ನಡ ಅಕ್ಷರದಲ್ಲಿ ಒಂದು ಸಂದೇಶವನ್ನು ಕಳುಹಿಸಲಿ. ತಾಯಿಯು ಉತ್ತರ ಕೊಡಲಿ. ತಾಯಿಗೆ ಬಾರದಿದ್ದರೆ ಮಗಳೇ ಕಲಿಸಲಿ.

(೫) ಒಂದು ವಾರದಲ್ಲಿ ಮನೆಯ ಮೊಬೈಲು ಯಾರ ಕೈಯಲ್ಲಿ ಎಷ್ಟು ಹೊತ್ತು ಇತ್ತೆಂಬುದನ್ನು ಒಂದು ಹಾಳೆಯ ಮೇಲೆ ಬರೆದಿಡಿರಿ. ಆ ಹಾಳೆಯನ್ನು ನಮಗೆ ತೋರಿಸಬೇಕಾಗಿಲ್ಲ. ನೀವು ಓದಿ ನೋಡಿದರೆ ಸಾಕು.